ಬೆಟ್ಟ ಇಳಿದ ಬಾಟಲಿಗಳು

ನಾವು ಅಕ್ಕತಮ್ಮಂದಿರು ಬೆಟ್ಟ ಹತ್ತಿಳಿದು ಮನೆಗೆ ಬಂದು ಕಾಲು ಚಾಚುವ ಮೊದಲೇ ದೊಡ್ಡಪ್ಪ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. "ಬಾಟ್ಲಿ ಎಲ್ಲಾ ಇದಕ್ಕೆ ಹಾಕಿ. ಬೂಷ್ಟು ಹಿಡಿದ ಮೇಲೇ ನಿಮಗೆ ತೊಳೆಯೋದು ನೆನಪಾಗೋದು." ಬೆನ್ನಿಗೆ ಹಾಕಿಕೊಂಡು ಕೊಳವೆಯಲ್ಲಿ ಹೀರುವ ನೀರಿನ ಚೀಲಗಳಿಗೂ ವಿನಾಯಿತಿಯಿಲ್ಲ. ಬಿಸಿನೀರು, ಅಡುಗೆ ಸೋಡಾ, ಬಾಟಲಿಯ ಕತ್ತಿನೊಳಗೆ ತೂರುವ ಉದ್ದನೆಯ ಬ್ರಷ್ಷು. ಹಸುಗೂಸನ್ನೂ ಯಾರೂ ಇಷ್ಟು ನಾಜೂಕಾಗಿ ತೊಳೆದಿರಲಾರರು. ಆಮೇಲೆ ಚೀಲದ ಕೊಳವೆಯನ್ನು ತಲೆಯ ಮೇಲೆ ಗಿರಗಿರನೆ ತಿರುಗಿಸಿ ಹನಿ ಕೊಡವುತ್ತಾರೆ. ಆ ಹನಿ ಬೀಳುವುದು ಹೆಚ್ಚಾಗಿ ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆ. ಚೀಲದ ಒಳಮೈ ಅಂಟಿಕೊಳ್ಳದಿರಲೆಂದು ಮರದ ಸೌಟು ತುರುಕಿ ಹಗ್ಗಕ್ಕೆ ನೇತುಹಾಕುತ್ತಾರೆ. "ಒಲೆ ಮೇಲಿರೋದನ್ನ ಕೈಯಲ್ಲಿ ಕಲಕ್ಲಾ?" ಎಂದು ದೊಡ್ಡಮ್ಮ ಕೂಗಿದರೆ, "ಎರಡು ದಿನ ಚಮಚದಲ್ಲಿ ಸುಧಾರಿಸ್ಕೊಳ್ಳೇ" ಎನ್ನುತ್ತಾರೆ. ಮೂರನೆಯ ದಿನ ಒಂದೊಂದರೊಳಗೂ ಮೂಗು ತೂರಿಸಿ ಮೂಸಿ, ಮುಚ್ಚಳ ಹಾಕದೆಯೇ ಕಪಾಟಿಗೆ ಸೇರಿಸುತ್ತಾರೆ. "ಮುಚ್ಚಿಟ್ರೆ ಮುಗ್ಗಲು ವಾಸನೆ ಬರುತ್ತೆ, ತಿಳೀತಾ?" ಮಂಡಿ ಕೈಕೊಟ್ಟು ನಾಲ್ಕು ವರ್ಷವಾಯಿತು, ಅಂದಿನಿಂದ ಅವರು ಬೆಟ್ಟ ಹತ್ತಿಲ್ಲ. ಅದಕ್ಕೇ ನಾವು ಇಳಿಯುವಾಗ ಎಷ್ಟೇ ಬಾಯಾರಿದರೂ, ಬೆಟ್ಟದ ನೆತ್ತಿಯ ಒರತೆಯಲ್ಲಿ ತುಂಬಿಕೊಂಡ ನೀರನ್ನು ಒಂದು ಬಾಟಲಿಯ ತಳದಲ್ಲಾದರೂ ಉಳಿಸಿ ತರುತ್ತೇವೆ. "ಖಾಲಿ ಮಾಡಿ ತರೋಕೆ ನಿಮಗೇನು ದಾಡಿ?" ಎಂದು ಬೈಯುತ್ತಲೇ ದೊಡ್ಡಪ್ಪ ಅದನ್ನು ಹಿತ್ತಲಿಗೆ ಒಯ್ದು, ನಮಗೆ ಬೆನ್ನು ಮಾಡಿ ನಿಂತು, ಕತ್ತೆತ್ತಿ, ಒಂದು ಹನಿಯೂ ಬಿಡದೆ ಕುಡಿಯುತ್ತಾರೆ.