ಪರದೆ ಕಟ್ಟಿದ ಕಾರಿನಲ್ಲಿ ನೀಲಗಿರಿ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ನಾನೂ ನನ್ನ ಗಂಡನೂ ನೀಲಗಿರಿಗೆ ಹೋಗಿ ಬರಬೇಕೆಂದು ನಿಶ್ಚಯಿಸಿದೆವು. ಕಾರಿನಲ್ಲಿ, ಇಬ್ಬರೇ, ಎರಡು ದಿನಕ್ಕೆ. ದೇವರ ಹರಕೆ ಇರಲಿಲ್ಲ, ಯಾರ ಮದುವೆಯೂ ಇರಲಿಲ್ಲ. ನೋಡುವುದಕ್ಕೆಂದು ಹೋಗುವುದು, ಅಷ್ಟೆ.

ಆಗ ನೀಲಗಿರಿ ನಮಗೆ ಪರರಾಜ್ಯ. ಮಹಾರಾಜರ ಸೀಮೆ ಮುಗಿದು ಇಂಗ್ಲಿಷರ ಸೀಮೆ ಶುರುವಾಗುವುದು ಬಂಡೀಪುರದ ಕಾಡಿನಾಚೆ. ನನ್ನ ತವರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಅಲ್ಲಿ ಹೊಲದ ಬದುವಿನ ಮೇಲೆ ನಿಂತರೆ ದಕ್ಷಿಣಕ್ಕೆ ಬೆಟ್ಟಗಳ ನೀಲಿ ಗೆರೆಯೊಂದು ಕಾಣುತ್ತಿತ್ತು. ನಮ್ಮ ಕಡೆ ಹೊಳೆಯಾಚೆಯೇ ಇಂಗ್ಲಿಷರ ಸೀಮೆ, ಆ ಬೆಟ್ಟಗಳೂ ಬೇರೆಯವರವು ಎಂದು ನನ್ನ ತಂದೆ ಹೇಳುತ್ತಿದ್ದರು. ಬೆಟ್ಟ ಯಾರದಾದರೇನು, ಹತ್ತಿರ ಹೋದರೂ ಅದು ನೀಲಿಯಾಗಿಯೇ ಇರುತ್ತದೆಯೇ ಎಂಬುದು ನನ್ನ ಪ್ರಶ್ನೆಯಾಗಿತ್ತು. ಮದುವೆಯಾಗಿ ಕೆರಗೋಡಿಗೆ ಬಂದ ಮೇಲೆ ಆ ಗೆರೆಯೂ ಕಾಣದಂತಾಯಿತು.

ನನ್ನ ಗಂಡ ಕೆರಗೋಡಿನಿಂದ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗಿ ಕಾರ್ಖಾನೆಯೊಂದರಲ್ಲಿ ಗುಮಾಸ್ತಗಿರಿ ಮಾಡುತ್ತಿದ್ದರು. ನೀಲಗಿರಿಗೆ ಹೋಗಿಬಂದ ಮೇಲಧಿಕಾರಿಯೊಬ್ಬರು ಅಲ್ಲಿನ ದಾರಿಯ ತಿರುವುಗಳ ವಿಷಯ ಹೇಳಿದ್ದನ್ನು ಅವರು ಒಂದು ಭಾನುವಾರ ನನಗೆ ಹೇಳಿದರು. ಹಿತ್ತಲಲ್ಲಿ ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದೆ. ಅವರು ಮೊರವನ್ನು ಎಳೆದುಕೊಂಡು ಒಂದೊಂದು ಬೀಜ ಇಟ್ಟರು. ಇದು ಮೈಸೂರು, ಇದು ನಂಜನಗೂಡು, ಇದು ಗುಂಡ್ಲುಪೇಟೆ. ಮೊರದ ಅಂಚಿನಲ್ಲಿ ಒಂದು ಹಿಡಿ ರಾಗಿ ಸುರಿದು, ಇದು ಬೆಟ್ಟ ಎಂದರು. ರಾಗಿಯ ಗುಡ್ಡೆಯ ಮೇಲೆ ಬೆರಳಿನಿಂದ ಸುತ್ತು ಸುತ್ತಾಗಿ ದಾರಿ ಬಿಡಿಸಿದರು. ನಾನು ಆ ದಾರಿಯಲ್ಲಿ ಎಲ್ಲೆಲ್ಲಿ ಇಳಿದು ನಿಲ್ಲಬೇಕೆಂದು ಬೀಜ ಇಟ್ಟೆ. ಅವರು ಒಂದು ತೆಗೆದರೆ ನಾನು ಎರಡು ಇಟ್ಟೆ. ನೀನು ಹೇಳಿದ ಕಡೆಯೆಲ್ಲಾ ನಿಂತರೆ ಹೋಗುವುದಕ್ಕೇ ನಾಲ್ಕು ದಿನ ಬೇಕು ಎಂದು ನಕ್ಕರು. ಆಮೇಲಿನ ಭಾನುವಾರಗಳಲ್ಲೂ ಮೊರ ಹೊರಗೆ ಬರುತ್ತಿತ್ತು. ಗಂಡ ಹೆಂಡತಿ ಹಗಲು ಹೊತ್ತು ಕೂತು ಮಾತಾಡುವುದಕ್ಕೆ ಆ ಮನೆಯಲ್ಲಿ ನೆಪ ಬೇಕಿತ್ತು, ಹುಣಸೆಹಣ್ಣು ಆ ಉಪಕಾರ ಮಾಡಿತು.

ಕಾರು ಮಂಡ್ಯದ ಮೆಕಾನಿಕ್ ಸಾಬರದು. ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಅವರು ಹಳೆಯ ಕಾರೊಂದನ್ನು ಬಾಡಿಗೆಗೆ ಓಡಿಸುತ್ತಿದ್ದರು. ದಿನ ಗೊತ್ತಾಯಿತು. ಉಳಿದದ್ದು ಮಾವನವರ ಒಪ್ಪಿಗೆ. ಅವರು ಊರಿನಲ್ಲಿ ಗೌರವಸ್ಥರು, ಗದ್ದೆ ಕಬ್ಬು ಇದ್ದವರು. ಬೇಡ ಅನ್ನುತ್ತಾರೆಂದು ನಾವು ಎಣಿಸಿದ್ದೆವು. ಅವರು ಬೇಡ ಅನ್ನಲಿಲ್ಲ.

"ಓಗಿ ಬನ್ನಿ, ಯಾರ್ ಬ್ಯಾಡ ಅಂದೋರು? ಆದ್ರೆ ಕಾರ್‌ಗೆ ಪರದೆ ಕಟ್ಟುಸ್ಬೇಕು. ನಮ್ಮನೆ ಎಣ್ಮಗ್ಳು ಊರೂರ್ಗೆಲ್ಲ ಮೊಕ ತೋರುಸ್ಕೊಂಡು ಓಗದು ಬ್ಯಾಡ."

ಪರದೆಯ ಯೋಚನೆ ಅವರಿಗೆ ಬಂದದ್ದು ಮದ್ದೂರಿನಲ್ಲಿ. ಹಿಂದಿನ ವರ್ಷ ಅಲ್ಲಿ ನೆಂಟರ ಮದುವೆಗೆ ದೊಡ್ಡ ಜಮೀನ್ದಾರರೊಬ್ಬರ ಹೆಂಗಸರು ಪರದೆ ಬಿಟ್ಟ ಕಾರಿನಲ್ಲಿ ಬಂದು ಇಳಿದಿದ್ದರು. ಚಪ್ಪರದಲ್ಲಿ ಊಟಕ್ಕೆ ಕೂತವರೆಲ್ಲ ಎದ್ದು ನೋಡಿದ್ದರಂತೆ. ಅಂದಿನಿಂದ ಮಾವನವರ ಮನಸ್ಸಿನಲ್ಲಿ ಕಾರು ಎಂದರೆ ಪರದೆ, ಪರದೆ ಎಂದರೆ ಮನೆತನ. ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಯಾವ ಹೆಂಗಸೂ ಯಾವುದರ ಹಿಂದೆಯೂ ಕೂತಿರಲಿಲ್ಲ. ನಾಟಿ, ಕಳೆ, ಕುಯ್ಲು ಎಲ್ಲವೂ ನಮ್ಮ ಕೈಯಿಂದಲೇ ಆಗುತ್ತಿತ್ತು. ಕಬ್ಬು ಕಡಿಯುವವರಿಗೆ ದಿನವೂ ಮಂಡ್ಯದ ರಸ್ತೆಯಲ್ಲಿ ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದವಳು ನಾನು. ಬಸ್ಸು ಪಕ್ಕದಲ್ಲೇ ನಿಧಾನವಾಗಿ ಹೋಗುತ್ತಿತ್ತು, ಅದರೊಳಗಿನವರು ಕತ್ತು ಹೊರಗೆ ಹಾಕಿ ನೋಡುತ್ತಿದ್ದರು.

ಸೊಸೆ ಮಾವನ ಎದುರು ನಿಂತು ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅತ್ತೆಗೆ ಹೇಳಿದಂತೆ ಮಾಡಬೇಕು, ಮಾವನವರಿಗೆ ಕೇಳಿಸಬೇಕು. ಹಾಗೆಯೇ ಮಾಡಿದೆ.

"ಅತ್ತೆ, ನಾನು ದಿನಾ ಬುತ್ತಿ ಒತ್ಕೊಂಡು ಇದೇ ರೋಡಲ್ಲಿ ಓಯ್ತೀನಲ್ಲ. ಅದ್ಕೆ ಯಾವತ್ತೂ ಪರದೆ ಕಟ್ಸಿಲ್ವಲ್ಲ?"

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಮಾವನವರು ಅವರ ಕಡೆಗೇ ತಿರುಗಿ ಹೇಳಿದರು:

"ಅದು ಗೇಮೆ ಕಣೆ. ಇದು ಸೋಕಿ. ಯೋಳು ಅವ್ಳಿಗೆ."

ಗೇಯುವಾಗ ಹೆಣ್ಣನ್ನು ಊರೆಲ್ಲ ನೋಡಬಹುದು. ಅವಳೇ ಕಣ್ಣೆತ್ತಿ ಏನನ್ನಾದರೂ ನೋಡಲು ಹೊರಟರೆ ಮನೆಯ ಮಾನಕ್ಕೆ ಕುಂದು. ಎಷ್ಟೋ ವರ್ಷಗಳ ಮೇಲೆ ನಾನು ಪತ್ರಿಕೆಯೊಂದನ್ನು ಸೇರಿ ಬಹಳ ಕಾಲ ಕೆಲಸ ಮಾಡಿದೆ, ದೊಡ್ಡ ದೊಡ್ಡವರ ಹೇಳಿಕೆಗಳನ್ನು ಬರೆದುಕೊಂಡೆ. ಇಷ್ಟು ಸ್ಪಷ್ಟವಾಗಿ, ಇಷ್ಟು ಕಡಿಮೆ ಮಾತಿನಲ್ಲಿ ಅನ್ಯಾಯವನ್ನು ಯಾರೂ ಹೇಳಿದ್ದು ನೆನಪಿಲ್ಲ.

ಗಂಡ ನನ್ನ ಪರ ನಿಲ್ಲುತ್ತಾರೆಂದು ಕಾದೆ. ಅವರು ಮಂಡ್ಯಕ್ಕೆ ಹೋಗಿ ಪರದೆಗೆ ಹೇಳಿ ಬಂದರು. ಪೇಟೆಯ ಮುಸಲ್ಮಾನ ಮನೆತನಗಳು ಹೊರಟಾಗ ಹಾಕುವ ಪರದೆ ಸಾಬರ ಬಳಿ ಇತ್ತು, ಅದು ತೆಳುವಾಯಿತೆಂದು ಮಾವನವರು ದಪ್ಪ ಬಟ್ಟೆಯದು ಹೊಲಿಸಬೇಕೆಂದಿದ್ದರು. ಅದಕ್ಕೆ ಸಾಬರು, ನಮ್ಮ ಹೆಂಗಸರು ಪರದೆಯಲ್ಲಿ ಹೋಗುವುದು ನೆಂಟರ ಮನೆಗೆ, ಬೆಟ್ಟ ನೋಡಲು ಪರದೆ ಕಟ್ಟಿಸುವವರನ್ನು ಇದೇ ಮೊದಲು ಕಂಡೆ ಎಂದು ತಮಾಷೆ ಮಾಡಿದರಂತೆ. ಅದನ್ನು ಗಂಡ ನನಗೆ ನಗುತ್ತ ಹೇಳಿದರು. ನಾನು ನಗಲಿಲ್ಲ. ಹಿಂದೆ ನಾನೊಬ್ಬಳೇ ಕೂರುವುದಂತೆ, ಮುಂದೆ ಸಾಬರ ಪಕ್ಕ ಅವರು.

"ಬೇಜಾರ್ ಮಾಡ್ಕೋಬ್ಯಾಡ ಕಣೆ. ನಾನು ಮುಂದೆ ಕೂತ್ಕೊಂಡು ಎಲ್ಲಾ ಯೋಳ್ತಾ ಬತ್ತೀನಿ."

ಅವರು ಇದನ್ನು ಕೊಂಕಿನಿಂದ ಹೇಳಲಿಲ್ಲ, ಸಮಾಧಾನ ಮಾಡಲೆಂದೇ ಹೇಳಿದರು. ಅದೇ ನನ್ನನ್ನು ಹೆಚ್ಚು ಸುಟ್ಟಿತು. ಮೊರದ ಮೇಲೆ ಬೀಜ ಇಟ್ಟ ಕೈಗಳಲ್ಲಿ ಒಂದು ನನ್ನದು. ನಿಲ್ಲಬೇಕಾದ ಜಾಗಗಳನ್ನು ಆರಿಸಿದವಳು ನಾನು. ಈಗ ಬೆಟ್ಟ ಅವರ ಕಣ್ಣಿಗೆ, ಸುದ್ದಿ ನನ್ನ ಕಿವಿಗೆ. ಪರದೆ ಇದ್ದರೆ ನಾನು ಬರುವುದಿಲ್ಲ ಎಂದೆ. ಎರಡು ದಿನದಲ್ಲಿ ಸರಿಹೋಗುತ್ತಾಳೆ ಎಂದು ಮನೆಯವರು ತಿಳಿದರು. ನಾನು ಸರಿಹೋಗಲಿಲ್ಲ.

ಮಾತು ಕೊಟ್ಟ ಮೇಲೆ ಕಾರನ್ನು ಬೇಡ ಅನ್ನುವುದು ಮರ್ಯಾದೆಯಲ್ಲ ಎಂದು ಮಾವನವರು ತೀರ್ಮಾನಿಸಿದರು. ತಾವೇ ಹೊರಟರು. ಅಪ್ಪನೊಬ್ಬನೇ ಪರರಾಜ್ಯಕ್ಕೆ ಹೋಗುವುದು ಹೇಗೆಂದು ಗಂಡನೂ ಹೊರಟರು. ಗಂಡಸರೇ ಹೋಗುವಾಗ ಪರದೆ ಬೇಕಾಗಿರಲಿಲ್ಲ, ಆದರೆ ಹೊಲಿಸಿದ್ದಾಗಿತ್ತೆಂದು ಅದು ಕಾರಿನಲ್ಲೇ ಉಳಿಯಿತು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ ಪಾತ್ರೆಗೆ ತುಂಬಿಕೊಟ್ಟವಳು ನಾನೇ. ಅದು ಗೇಮೆ ತಾನೆ.

ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಹೋಗಿಬಂದ ಮೂವರೂ ಬೇರೆ ಬೇರೆಯಾಗಿ ಹೇಳಿದ್ದರಲ್ಲಿ ತಾಳೆಯಾದದ್ದನ್ನು ಮಾತ್ರ ಬರೆಯುತ್ತೇನೆ. ಗಡಿ ದಾಟಿ ಬೆಟ್ಟ ಹತ್ತುತ್ತಿದ್ದಂತೆ ಮಂಜು ಬಂತು. ತಿರುವುಗಳು ಶುರುವಾದವು. ಅಪ್ಪನ ಜೊತೆ ಹಿಂದೆ ಕೂತಿದ್ದ ನನ್ನ ಗಂಡನಿಗೆ ಹೊಟ್ಟೆ ತೊಳಸಿ, ಊಟಿ ತಲುಪುವವರೆಗೆ ತಲೆ ಮೊಣಕಾಲ ಮೇಲೆ ಇತ್ತು. ಮಾವನವರಿಗೆ ಚಳಿ ತಡೆಯಲಿಲ್ಲ. ಕಂಬಳಿ ಸಾಲದೆ, ನನಗಾಗಿ ಹೊಲಿಸಿದ್ದ ಪರದೆಯನ್ನು ಹಿಂದಿನ ಸೀಟಿನ ಸುತ್ತ ಬಿಗಿದು ಕಟ್ಟಿಸಿದರು. ಊಟಿಯಲ್ಲಿ ಚಳಿಗೆ ಹೆದರಿ ಅಪ್ಪ ಮಗ ಕೋಣೆ ಬಿಟ್ಟು ಹೊರಗೆ ಬರಲಿಲ್ಲ, ವಾಪಸು ಇಳಿಯುವಾಗಲೂ ಪರದೆ ಬಿಚ್ಚಲಿಲ್ಲ.

ಗಂಡ ಬಂದ ದಿನ ಸಂಜೆ ಹಿತ್ತಲಿಗೆ ಬಂದು ಕೂತರು. ನಾನು ಒಂದೊಂದಾಗಿ ಕೇಳಿದೆ. ಕಾಡು ಮುಗಿಯುವ ಕಡೆ ಏನಿತ್ತು? ಬೆಟ್ಟ ದೂರದಿಂದ ಯಾವ ಬಣ್ಣ, ಹತ್ತಿರದಿಂದ ಯಾವ ಬಣ್ಣ? ಅವರು ಮಂಜು ಎಂದರು. ಮಂಜು ಸರಿದ ಮೇಲೆ ಏನು ಕಂಡಿತು ಎಂದೆ.

"ಪರದೆ," ಎಂದರು.

ಒಂದು ವಾರದ ಮೇಲೆ ಸಾಬರು ಈ ಕಡೆ ಬಂದಾಗ, ಕಾರಿನಲ್ಲಿ ಉಳಿದಿದ್ದ ನನ್ನ ರೊಟ್ಟಿ ಪಾತ್ರೆ ತಂದುಕೊಟ್ಟರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಹೊರಗೇ ನಿಂತು ಹೇಳಿದರು.

"ಬೆಟ್ಟ ಕಂಡೋನು ನಾನೊಬ್ನೆ ಕಣಮ್ಮ. ನಾನೂ ರೋಡ್ ನೋಡ್ಬೇಕಲ್ಲ, ಎಷ್ಟ್ ನೋಡೋಕಾಯ್ತದೆ?"

ಅವರಿಗೆ ನೀರು ಕೊಟ್ಟು ಕಳಿಸಿದೆ. ನನಗೆ ಸಿಗದಿದ್ದುದು ಬೇರೆಯವರಿಗೆ ಸಿಕ್ಕಿದ್ದರೆ ಅದು ಹೊಟ್ಟೆಕಿಚ್ಚಾಗಿ ಎಂದಾದರೂ ಆರುತ್ತಿತ್ತು. ಅಪ್ಪ ಮಗ ಅದನ್ನು ನನ್ನಿಂದ ತೆಗೆದುಕೊಂಡು, ನೋಡದೆಯೇ ದಾಟಿ, ನೋಡದೆಯೇ ಹಿಂದಿರುಗಿ ಬಂದಿದ್ದರು. ಮಾವನವರು ಮಾತ್ರ ಜಗಲಿಯ ಮೇಲೆ ಕೂತು ಬಂದವರಿಗೆಲ್ಲ ನೀಲಗಿರಿ ನೋಡಿಕೊಂಡು ಬಂದೆ ಎಂದು ಹೇಳುತ್ತಿದ್ದರು. ಮುಂದೆ ಯುದ್ಧ ಬಂತು, ಬಾಡಿಗೆ ಕಾರಿಗೆ ಪೆಟ್ರೋಲು ಸಿಗುವುದು ಕಷ್ಟವಾಯಿತು. ನಮ್ಮ ಮೊರದ ಮೇಲಿನ ದಾರಿ ಅಲ್ಲಿಗೇ ನಿಂತಿತು.

ಯುದ್ಧಕ್ಕೆ ಮೊದಲು ನಡೆದದ್ದು ಇನ್ನೊಂದಿದೆ. ಸಾಬರು ಬಂದುಹೋದ ಮಾರನೆಯ ದಿನ ಕಬ್ಬು ಕಡಿಯುವವರು ಗದ್ದೆಯಲ್ಲಿದ್ದರು. ಮುದ್ದೆ, ಸಾರು ಕುಕ್ಕೆಯಲ್ಲಿಟ್ಟು ಅತ್ತೆ ನನ್ನ ತಲೆಗೆ ಎತ್ತಿಕೊಟ್ಟರು. ಜಗಲಿಯ ಮೇಲೆ ಊರಿನವರೊಬ್ಬರ ಜೊತೆ ಮಾವನವರು ಕೂತಿದ್ದರು. ಬಿಸಿಲೇರಿತು, ಬೇಗ ಹೋಗು ಎಂದರು. ನಾನು ಮೆಟ್ಟಿಲಿಳಿದು ತಿರುಗಿ ನಿಂತೆ. ಅತ್ತೆಯ ಕಡೆ ನೋಡಲಿಲ್ಲ.

"ಮಾವ, ರೋಡಲ್ಲಿ ಬಸ್ ಬರೋ ಒತ್ತು. ನೀವು ಊಟೀಲಿ ಕಟ್ಕೊಂಡಿದ್ರಲ್ಲ, ಆ ಪರದೆ ಎಲ್ಲಿ?"

ಊರಿನವರು ಮಾವನವರ ಮುಖ ನೋಡಿದರು. ಮಾವನವರು ಬೀದಿ ನೋಡಿದರು. ಬಾಗಿಲೊಳಗೆ ಅತ್ತೆ ನಕ್ಕದ್ದು ಕೇಳಿಸಿತು, ಈ ಸಲ ಸೆರಗು ಅಡ್ಡ ಇದ್ದಂತಿರಲಿಲ್ಲ. ಉತ್ತರಕ್ಕಾಗಿ ಕಾಯುವಷ್ಟು ಕುಕ್ಕೆ ಹಗುರವಾಗಿರಲಿಲ್ಲ.

ರಸ್ತೆಗೆ ಬಂದೆ. ಬಸ್ಸು ಎದುರಿಗೆ ಬಂತು, ಎಂದಿನಂತೆ ನಿಧಾನವಾಯಿತು, ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ಅದುವರೆಗೆ ನಾನು ನೆಲ ನೋಡಿಕೊಂಡು ದಾಟುತ್ತಿದ್ದೆ. ಅಂದು ಕುಕ್ಕೆಯನ್ನು ಒಂದು ಕೈಯಲ್ಲಿ ಹಿಡಿದು ಅಲ್ಲೇ ನಿಂತು, ಬಸ್ಸಿನ ಮುಂದಿನ ಕಿಟಕಿಯಿಂದ ಹಿಂದಿನ ಕಿಟಕಿಯವರೆಗೆ ಒಬ್ಬೊಬ್ಬರನ್ನೂ ನೋಡಿದೆ.