ಆರದ ಸಾರಣೆ

ನಾನು ಚಿಕ್ಕವಳಿದ್ದಾಗ ರಾಮದುರ್ಗದ ಹತ್ತಿರ, ಮಲಪ್ರಭೆಯ ದಂಡೆಯ ಮೇಲಿನ ಇದೇ ಊರಲ್ಲಿ, ನಮ್ಮ ಇದೇ ಮನೆಯಲ್ಲಿ ನಡೆದದ್ದಿದು. ಐವತ್ತು ತುಂಬುವ ಮೊದಲೇ ಅಜ್ಜಿಯಾಗಿ, ನಿಮ್ಮ ಬಾಯಲ್ಲಿ ‘ಆಯಿ’ ಅನ್ನಿಸಿಕೊಂಡವಳು ನಾನು. ಹಾಗಾಗಿ ಇದು ರಾಜರ ಕಾಲದ ಮಾತಲ್ಲ, ಓಣಿಗೊಂದು ಟೀವಿ ಇದ್ದ ಕಾಲದ್ದು.

ಅಂಗಳದಲ್ಲಿ ಹಗೇವು ಇತ್ತು. ಅಂದರೆ ಜೋಳ ತುಂಬಿಡುವ, ಬಾವಿಯಂಥ ನೆಲದ ಕುಣಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷದ ಊಟ ಒಳಗೆ ತಣ್ಣಗಿರುತ್ತಿತ್ತು. ಅದರ ಮೇಲೂ ಸೇರಿಸಿ ಅಕ್ಕ ದಿನಾ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದಳು.

ಆ ಶ್ರಾವಣದಲ್ಲಿ ನಮ್ಮಲ್ಲಿ ಚುರುಗುಟ್ಟುವ ಬಿಸಿಲು, ಮಳೆಯೆಲ್ಲ ಮೇಲೆ ಖಾನಾಪುರದ ಕಡೆ. ಹೊಳೆ ಕೆಂಪಗೆ ಉಬ್ಬಿತ್ತು. ಸವದತ್ತಿಯ ಅಣೆಕಟ್ಟೆಯಿಂದ ನೀರು ಬಿಡುತ್ತಾರೆಂದು ಡಂಗುರ ಸಾರಿದರು. ಕೆಳಗಿನ ಓಣಿಯವರು ಗಂಟುಮೂಟೆ ಕಟ್ಟತೊಡಗಿದರು. ನಮ್ಮ ಅಪ್ಪ ಮಾತ್ರ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಾ, “ನಮ್ಮ ಹೊಸ್ತಿಲಕ ಹೊಳಿ ಎಂದೂ ಬಂದಿಲ್ಲ” ಎಂದು ಕಾಲು ಚಾಚಿದರು.

ಅಕ್ಕ ಅಂಗಳದಿಂದ ಕೂಗಿದಳು. “ಅಪ್ಪಾ, ಇಲ್ಲಿ ಬರ್ರಿ. ಮುಂಜಾನೆ ಸಾರಿಸೇನಿ, ಅಂಗಳ ಎಲ್ಲಾ ಒಣಗೈತಿ. ಹಗೇವಿನ ಸುತ್ತ ಅಷ್ಟ ಇನ್ನೂ ಹಸಿ ಐತ್ರಿ. ಜ್ವಾಳ ತಗೀಬೇಕ್ರಿ.”

“ಮಳಿಗಾಲದಾಗ ಹಗೇವು ತಗದ್ರ ಜ್ವಾಳ ಕೆಡತೈತಿ, ಹುಚ್ಚಿ.”

“ತಗೀಲಿಲ್ಲಂದ್ರ ಕೊಳಿತೈತ್ರಿ. ನೀರು ಬಾಗಿಲಾಗಿಂದನ ಬರಬೇಕಂತೇನಿಲ್ಲ.”

ಅಪ್ಪ ಎದ್ದುಬಂದು, ಬಗ್ಗಿ ಅಂಗೈ ಊರಿದರು. ಅವರ ಮುಖದ ನಗು ಅಲ್ಲೇ ಆರಿತು. ಕಲ್ಲು ಸರಿಸಿ, ಒಳಗಿನ ಗಾಳಿ ಕೆಟ್ಟಿದೆಯೇನೋ ಎಂದು ದೀಪ ಇಳಿಬಿಟ್ಟು ನೋಡಿದರು. ದೀಪ ಆರಲಿಲ್ಲ. ಆಮೇಲೆ ತಾವೇ ಇಳಿದರು. ಸಂಜೆಯವರೆಗೂ ಬುಟ್ಟಿ ಬುಟ್ಟಿ ಜೋಳ ಮೇಲೆ ಬಂತು, ಅಟ್ಟ ಸೇರಿತು. ತಳಕ್ಕೆ ಹಾಸಿದ್ದ ಹುಲ್ಲು ಆಗಲೇ ತೊಯ್ದು ಹುಳಿ ನಾತ ಹೊಡೆಯುತ್ತಿತ್ತು.

ಮರುದಿನ ಹೊಳೆ ನಮ್ಮ ಹೊಸ್ತಿಲಿಗೆ ಬರಲಿಲ್ಲ. ಅಪ್ಪನ ಮಾತು ಸುಳ್ಳಾಗಲಿಲ್ಲ. ಆದರೆ ಹಗೇವಿನೊಳಗೆ ನೆಲದಡಿಯಿಂದ ಒಸರಿ ಬಾವಿಯಂತೆ ನೀರು ನಿಂತಿತ್ತು. ಕೆಳಗಿನ ಓಣಿಯವರೂ ನಮ್ಮ ಪಡಸಾಲೆಯಲ್ಲಿ ಕೂತು ಅದೇ ಜೋಳದ ರೊಟ್ಟಿ ಉಂಡರು. ಅಪ್ಪ ಅಕ್ಕನಿಗೆ, “ಈ ವರ್ಷದ ರೊಟ್ಟಿ ನಿಂದ ನೋಡವ್ವಾ” ಎಂದರು.

ಈಗ ಹಗೇವು ಮುಚ್ಚಿ ಫರಸಿಕಲ್ಲು ಹಾಸಿದ್ದೇವೆ, ನಿಮ್ಮ ಸೈಕಲ್ ನಿಲ್ಲುವುದು ಅದರ ಮೇಲೆಯೇ. ಹೊಳೆಯ ಸುದ್ದಿ ಮೊಬೈಲಿಗೇ ಬರುತ್ತದೆ. ನೀವು ಅದನ್ನು ಓದುವಾಗ ನಾನು ಹೊರಗೆ ಹೋಗಿ ಫರಸಿಯ ಮೇಲೆ ಅಂಗೈ ಇಡುತ್ತೇನೆ. “ಆಯಿ ನೆಲಕ್ಕ ಜ್ವರಾ ನೋಡಾಕತ್ತಾಳ” ಎಂದು ನಗುತ್ತೀರಿ. ನಗಿರಿ, ಮಕ್ಕಳೇ. ನಕ್ಕಾದ ಮೇಲೆ ನೀವೂ ಒಮ್ಮೆ ಬಂದು ಕೈ ಇಟ್ಟು ನೋಡಿ.