ಅರ್ಧ ಮೂಳೆಯ ಪೂರ್ತಿ ಅಳತೆ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅವರು ಸುಳ್ಳು ಹೇಳುತ್ತಾರೆ ಎಂದಲ್ಲ. ಸರಿಯಾಗಿ ನೋಡಿರಲಿಕ್ಕಿಲ್ಲ ಎಂದುಕೊಳ್ಳುತ್ತಿದ್ದೆ. ಸರಿಯಾಗಿ ನೋಡುವುದೇ ನನ್ನ ಕೆಲಸ. ಹಾಗಾಗಿ ಇದನ್ನು ಬರೆಯಲು ಮುಜುಗರವೂ ಇದೆ.

ಗೋರೆಗಾಂವ್‌ನ ಒಂದು ಸಣ್ಣ ಪ್ರಯೋಗಾಲಯದಲ್ಲಿ ನಾನು ಹಕ್ಕಿಗಳ ಪಳೆಯುಳಿಕೆಗಳನ್ನು ವಿಂಗಡಿಸುತ್ತೇನೆ. ಲಕ್ಷಾಂತರ ವರ್ಷಗಳ ಹಿಂದೆ ಕಡಲಂಚಿನ ಕೆಸರಿನಲ್ಲಿ ಹುಳ ಹೆಕ್ಕುತ್ತಿದ್ದ, ಉಲ್ಲಂಕಿಯಂಥ ಹಕ್ಕಿಗಳು. ಇಡೀ ಅಸ್ಥಿಪಂಜರ ಸಿಗುವುದೇ ಇಲ್ಲ. ರೆಕ್ಕೆಯ ಮೂಳೆಯ ತುದಿಯೋ ಕಾಲಿನ ಒಂದು ತುಂಡೋ ಸಿಕ್ಕರೆ ಅದರ ಉಬ್ಬುತಗ್ಗು ನೋಡಿ, ಅಳೆದು, ಯಾವ ಗುಂಪಿಗೆ ಸೇರಿದ್ದೆಂದು ತೀರ್ಮಾನಿಸಬೇಕು.

ನಸ್ರೀನ್ ಆಗ ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದಳು. ವಿಜಯಪುರದ ಕಡೆಯವರು, ತಂದೆಗೆ ಜೋಗೇಶ್ವರಿಯಲ್ಲಿ ಟೇಲರಿಂಗ್ ಅಂಗಡಿ. ಅವಳ ಪ್ರಬಂಧವೆಲ್ಲ ನಿಂತಿದ್ದು ಕಛ್ ಕಡೆಯಿಂದ ಬಂದಿದ್ದ ಒಂದು ಕಾಲಿನ ಮೂಳೆಯ ಮೇಲೆ. ಅದೂ ಮೇಲಿನ ಅರ್ಧ ಮಾತ್ರ. ಮುರಿದ ಕಡೆಗೆ ಬರುತ್ತ ಅದು ದಪ್ಪವಾಗುತ್ತಿತ್ತು. ಗೊತ್ತಿರುವ ಯಾವ ಹಕ್ಕಿಗೂ ಹಾಗಿಲ್ಲ. ಹೊಸ ಜಾತಿ ಎಂದು ಹೆಸರಿಡಲು ಅದೇ ಆಧಾರ.

ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗ, ಅವಳ ಅಳತೆಗಳನ್ನು ತಾಳೆ ನೋಡೋಣವೆಂದು ನಾನೇ ಕೂತೆ. ಡಬ್ಬಿ ತೆರೆದು ಮೂಳೆಯನ್ನು ಹತ್ತಿಯ ಮೇಲಿಟ್ಟು ಅಳೆದೆ. ಪುಸ್ತಕದಲ್ಲಿ ಬರೆದೆ: ಉದ್ದ ನಲವತ್ತೆರಡು ಮಿಲಿಮೀಟರ್. ಎರಡೂ ತುದಿ ಇವೆ. ನಡುವೆ ಮುರಿದು ಕೂಡಿಕೊಂಡ ಗಂಟು. ಅಲ್ಲಿಂದ ಕೆಳಗೆ ತುಸು ಒಳಕ್ಕೆ ಬಾಗಿದೆ. ಬರೆಯುವಾಗ ಏನೂ ವಿಚಿತ್ರ ಅನಿಸಲಿಲ್ಲ.

ನಸ್ರೀನ್ ಬಂದು ಓದಿದಳು. "ಮೇಡಂ, ನೀವು ಇಡೀ ಎಲುಬಿನ ಅಳತಿ ಬರದೀರಿ. ನಮ್ಮ ಕೈಯಾಗ ಇರೋದು ಅರ್ಧಾ ಅದ."

ಹತ್ತಿಯ ಮೇಲೆ ನೋಡಿದೆ. ಅರ್ಧವೇ ಇತ್ತು. ಇನ್ನೊಮ್ಮೆ ಅಳೆದರೆ ಇಪ್ಪತ್ತೂ ಆಗಲಿಲ್ಲ. ಹೋಲಿಕೆಗೆಂದು ಇಟ್ಟಿರುವ ಈಗಿನ ಹಕ್ಕಿಗಳ ಮೂಳೆಗಳಲ್ಲಿ ಯಾವುದನ್ನೋ ಅಳೆದಿರಬೇಕು ಎಂದು ಅವಳೇ ಸಮಾಧಾನ ಹೇಳಿದಳು. ಆ ಕಪಾಟನ್ನೆಲ್ಲ ಹುಡುಕಿದೆವು. ಅಂಥ ಗಂಟಿರುವುದು ಒಂದೂ ಇರಲಿಲ್ಲ. ಸೆಕೆಗೆ ತಲೆ ಕೆಟ್ಟಿದೆ ಎಂದು ಹೇಳಿ, ಬರೆದದ್ದರ ಮೇಲೆಲ್ಲ ಗೀಟು ಹೊಡೆದೆ. ಅಳೆಯುವ ಕ್ಯಾಲಿಪರ್‌ನ ಎರಡು ದವಡೆಗಳು ಎರಡು ತುದಿಗೂ ತಾಗಿದ್ದು ಬೆರಳಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ಅವಳಿಗೆ ಡಿಗ್ರಿ ಬಂತು. ಹೊಸ ಹೆಸರೂ ಪ್ರಕಟವಾಯಿತು.

ಎರಡು ವರ್ಷ ಕಳೆದ ಮೇಲೆ, ಅದೇ ಜಾಗದಿಂದ ಬಂದು ಹಾಗೇ ಬಿದ್ದಿದ್ದ ಒಂದು ಗಟ್ಟಿಮಣ್ಣಿನ ಉಂಡೆಯನ್ನು, ಇನ್ನೂ ನಮ್ಮಲ್ಲೇ ಇದ್ದ ನಸ್ರೀನ್ ಸೂಜಿಯಿಂದ ಬಿಡಿಸತೊಡಗಿದಳು. ಅಲ್ಲಿಯವರೆಗೆ ಅದರೊಳಗೇನಿದೆಯೆಂದು ನೋಡಿದವರಿಲ್ಲ. ಮೂರು ವಾರಕ್ಕೆ ಮೂಳೆಯ ಉಳಿದ ಅರ್ಧ ಹೊರಬಂತು. ಎರಡನ್ನೂ ಕೂಡಿಸಿದಳು. ಚೂರೂ ಸಂದಿಲ್ಲದೆ ಕೂತಿತು. ಜೀವವಿದ್ದಾಗಲೇ ಹಕ್ಕಿಯ ಕಾಲು ಮುರಿದು, ಗಂಟುಗಟ್ಟಿ, ಸೊಟ್ಟಗೆ ಕೂಡಿಕೊಂಡಿತ್ತು. ದಪ್ಪಕ್ಕೆ ಕಾರಣ ಆ ಗಂಟು. ಉಳಿದಂತೆ ಅದು ಮೊದಲೇ ಗೊತ್ತಿದ್ದ ಜಾತಿ. ಉದ್ದವನ್ನು ಅವಳೇ ಅಳೆದಳು: ನಲವತ್ತೆರಡು.

ಮರುವಾರ ಒಂದು ಕಾಲೇಜಿನಲ್ಲಿ ಅವಳ ಇಂಟರ್‌ವ್ಯೂ ಇತ್ತು. ಅರ್ಜಿಯಲ್ಲಿ ಹೇಳಿಕೊಳ್ಳಲು ಇದ್ದದ್ದು ಆ ಹೊಸ ಹೆಸರೊಂದೇ. ಇಂಟರ್‌ವ್ಯೂ ಮುಗಿಯುವವರೆಗೆ ಕಾಯಬಹುದಲ್ಲ ಎಂದೆ. ಅವಳು ಒಪ್ಪಲಿಲ್ಲ. ಹೆಸರನ್ನು ಹಿಂತೆಗೆದುಕೊಳ್ಳುವ ಪತ್ರ ಅಂದೇ ಕಳಿಸಿದಳು. ಆ ಕೆಲಸ ಸಿಗಲಿಲ್ಲ.

ಪತ್ರ ಕಳಿಸಿದ ಮೇಲೆ ನನ್ನ ಹಳೆಯ ಪುಸ್ತಕ ತೆಗೆದು ಆ ಪುಟವನ್ನು ಮುಂದಿಟ್ಟಳು.

"ಆವತ್ತ ನೀವು ಖರೇನ ಏನ್ ನೋಡಿದ್ರಿ?"

"ಇಡೀ ಮೂಳೆ."

"ಮತ್ತ ಯಾಕ ಹೊಡದ್ ಹಾಕಿದ್ರಿ, ಮೇಡಂ?"

ಹೊಡೆದು ಹಾಕಿದ್ದು ಯಾಕೆಂದು ನನಗೆ ಗೊತ್ತು: ವಿದ್ಯಾರ್ಥಿನಿಯ ಮುಂದೆ ಪೆದ್ದಿಯಾಗಲು ಇಷ್ಟವಿರಲಿಲ್ಲ. ಮಣ್ಣಿನೊಳಗಿದ್ದ ಅರ್ಧ ಆ ಮಧ್ಯಾಹ್ನ ನನ್ನ ಮೇಜಿನ ಮೇಲೆ ಹೇಗಿತ್ತು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.